ಪಾತ್ರವೂ ಪಾತ್ರೆಯೂ

ಕಲ್ಯಾಣ ನಿಲ್ದಾಣವನ್ನು ದಾಟಿ ಅಂಬರನಾಥದತ್ತ ಸಾಗುವ ಲೋಕಲ್ ಗಾಡಿಯಲ್ಲಿ ಕುಳಿತವರಿಗೆ ವಿಠ್ಠಲವಾಡಿ, ಉಲ್ಹಾಸನಗರ ಎಂಬ ನಿಲ್ದಾಣಗಳು ಎದುರಾಗುತ್ತವೆ. ಅಲ್ಲಿಯ ಜನರು ಇಂದಿಗೂ ತಮ್ಮ ವಿಳಾಸವನ್ನು ಹೇಳುವಾಗ 'ಕ್ಯಾಂಪ್ ನಂಬರ್ 3', 'ಕ್ಯಾಂಪ್ ನಂಬರ್ 4' ಎನ್ನುತ್ತಾರೆ. ಮದುವೆಯ ಬಟ್ಟೆಬರೆಗೆಂದೋ ಮನೆಯ ಪೀಠೋಪಕರಣಕ್ಕೆಂದೋ ಡೊಂಬಿವಲಿ, ಠಾಣೆಗಳಿಂದ ಅಲ್ಲಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಆ 'ಕ್ಯಾಂಪ್' ಎಂಬ ಮಾತಿನ ಹಿಂದಿರುವ ಕಣ್ಣೀರನ್ನು ನೆನೆದಿದ್ದೇವೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ತಂಗುದಾಣವಾಗಿದ್ದ ಸ್ಥಳವದು. 1947ರಲ್ಲಿ ದೇಶವು ಇಬ್ಭಾಗವಾದಾಗ, ಸಿಂಧೂನದಿಯ ತೀರದಲ್ಲಿ ತಲೆತಲಾಂತರದಿಂದ ಬಾಳಿದ್ದ ಜನರು ಮನೆ, ಹೊಲ, ಅಂಗಡಿ, ಗುಡಿಗಳನ್ನು ಬಿಟ್ಟು ಹಡಗು, ರೈಲುಗಳಲ್ಲಿ ಬಂದಿಳಿದರು. ಒಂದು ಲಕ್ಷದಷ್ಟು ಜನರಿಗೆ ಕಲ್ಯಾಣದ ಈ ಬ್ಯಾರಕ್ಕುಗಳೇ ಸೂರಾದವು. ಒಂದೇ ಸೂರಿನಡಿಯಲ್ಲಿ ಹಲವು ಕುಟುಂಬಗಳು ಬಟ್ಟೆಯ ಮರೆ ಕಟ್ಟಿಕೊಂಡು ಸಂಸಾರ ಹೂಡಿದವು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಅಲ್ಲಿ ಶಿಲಾನ್ಯಾಸ ಮಾಡಿ, ಪಕ್ಕದಲ್ಲಿ ಹರಿಯುವ ನದಿಯ ಹೆಸರಿನಿಂದ ಆ ಊರಿಗೆ ಉಲ್ಹಾಸನಗರವೆಂಬ ನಾಮಕರಣ ಮಾಡಿದರು.

ಆ ದಿನಗಳಲ್ಲಿ ಸರ್ಕಾರವೂ ಜನರೂ ಅವರನ್ನು 'ಶರಣಾರ್ಥಿ'ಗಳೆಂದು ಕರೆದರು. ಹಾಗೆ ಬಂದವರಲ್ಲಿ ಅನೇಕರಿಗೆ ಆ ಹೆಸರು ರುಚಿಸಲಿಲ್ಲ. "ನಾವು ಶರಣಾರ್ಥಿಗಳಲ್ಲ, ಪುರುಷಾರ್ಥಿಗಳು" ಎಂದು ಅವರು ಹೇಳಿಕೊಂಡರು. ಹೆಂಗಸರು ಹಪ್ಪಳ ಒತ್ತಿದರು. ಗಂಡಸರು ಅದನ್ನು ಹೊತ್ತು ಮಾರಿದರು. ಅನ್ನ ಕೊಟ್ಟವರಿಗೆ ಅವರು ಕೃತಘ್ನರಾಗಿದ್ದರೆಂದು ಇದರ ಅರ್ಥವಲ್ಲ. ಆದರೆ ಪಡೆಯುವವನ ಮನಸ್ಸಿನಲ್ಲಿ ಕೃತಜ್ಞತೆಯ ಜೊತೆಗೇ ಒಂದು ನೋವೂ ಇರುತ್ತದೆ. ಕೊಡುವುದು ಪುಣ್ಯವೆಂದು ನಮ್ಮ ಶಾಸ್ತ್ರಗಳೆಲ್ಲವೂ ಸಾರುತ್ತಿರುವಾಗ, ಆ ಪುಣ್ಯಕಾರ್ಯವು ಪಡೆಯುವವನನ್ನು ಏಕೆ ನೋಯಿಸಬೇಕು? ಈ ಪುಟಗಳಲ್ಲಿ ನಾವು ವಿಚಾರಿಸಬೇಕಾದ ಪ್ರಶ್ನೆ ಇದು.

ಇದಕ್ಕೆ ಉತ್ತರವನ್ನು ಮಹಾಭಾರತದ ವನಪರ್ವವು ಸೂಚಿಸುತ್ತದೆ. ರಾಜ್ಯವನ್ನು ಕಳೆದುಕೊಂಡು ಕಾಡಿಗೆ ಹೊರಟ ಪಾಂಡವರು ನಿರಾಶ್ರಿತರಲ್ಲದೆ ಮತ್ತೇನು? ಆ ಹೊತ್ತಿನಲ್ಲಿ ಧರ್ಮರಾಜನನ್ನು ಬಾಧಿಸಿದ ಚಿಂತೆ ತನ್ನ ಹಸಿವಿನದಲ್ಲ. ತನ್ನನ್ನು ನಂಬಿ ಹಿಂದೆಯೇ ಬಂದ ಬ್ರಾಹ್ಮಣರಿಗೆ ಊಟವಿಕ್ಕುವ ಶಕ್ತಿ ತನಗಿಲ್ಲವಾಯಿತಲ್ಲ ಎಂಬುದು. ಧೌಮ್ಯರ ಉಪದೇಶದಂತೆ ಅವನು ಸೂರ್ಯನನ್ನು ಸ್ತುತಿಸಿದನು. ಸೂರ್ಯನು ಅವನಿಗೆ ಒಂದು ಹೊತ್ತಿನ ಊಟವನ್ನು ಕೊಡಲಿಲ್ಲ. ತಾಮ್ರದ ಒಂದು ಪಾತ್ರೆಯನ್ನು ಕೊಟ್ಟನು. ದ್ರೌಪದಿಯು ಉಣ್ಣುವ ತನಕ ಅದರಲ್ಲಿ ಅನ್ನ ಬತ್ತುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ ಕಡೆಗೆ ತಾನು ಉಣ್ಣುವ ಗೃಹಿಣಿಯ ಗೌರವವು ಆ ಕಾಡಿನಲ್ಲಿಯೂ ಅವಳಿಗೆ ಉಳಿಯಿತು. ಮನೆ ಕಳೆದುಕೊಂಡವನು ಕಳೆದುಕೊಳ್ಳುವುದು ಸೂರನ್ನು ಮಾತ್ರವಲ್ಲ, ಅತಿಥಿಯನ್ನು "ಬನ್ನಿ, ಕುಳಿತುಕೊಳ್ಳಿ" ಎನ್ನುವ ಅಧಿಕಾರವನ್ನೂ. ಆ ಅಧಿಕಾರವನ್ನು ಮರಳಿ ಕೊಡುವುದೇ ನಿಜವಾದ ನೆರವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕ ದಾನವನ್ನು ವಿವರಿಸುವಾಗ ದೇಶ, ಕಾಲಗಳೊಡನೆ ಪಾತ್ರವನ್ನೂ ನೋಡಬೇಕೆಂದು ಹೇಳುತ್ತದೆಯಲ್ಲವೆ? ಯೋಗ್ಯನೋ ಅಯೋಗ್ಯನೋ ಎಂದು ವಿಚಾರಿಸದೆ ಕೊಟ್ಟರೆ ಸೋಮಾರಿತನವನ್ನು ಬೆಳೆಸಿದಂತಾಗದೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಾವು 'ಪಾತ್ರ'ವನ್ನು ಅಳೆಯಲು ಹೊರಟಾಗ ಅನೇಕ ವೇಳೆ ಅಳೆಯುವುದು ಜಾತಿ, ಭಾಷೆ, ಪಕ್ಷಗಳನ್ನು. ಅವನು ನಮ್ಮ ಮುಂದೆ ಎಷ್ಟು ಬಾಗಿದನೆಂಬುದನ್ನು. ಪಾತ್ರವೆಂದರೂ ಪಾತ್ರೆಯೆಂದರೂ ಮೂಲದಲ್ಲಿ ಒಂದೇ ಶಬ್ದ. 'ಇವನು ದಾನಕ್ಕೆ ಪಾತ್ರನೋ?' ಎಂದು ಕೇಳುವ ಮೊದಲು, 'ಇವನ ಬಳಿ ಬೇಯಿಸಿಕೊಳ್ಳಲು ಪಾತ್ರೆಯಿದೆಯೋ?' ಎಂದು ಕೇಳುವುದು ಲೇಸು. ಕೈಯಲ್ಲಿ ಪಾತ್ರೆ ಬಂದವನು ತಾನು ಪಾತ್ರನೆಂಬುದನ್ನು ತಾನೇ ತೋರಿಸಿಕೊಡುತ್ತಾನೆ. ಉಲ್ಹಾಸನಗರದ ಅಂಗಡಿಬೀದಿಯಲ್ಲಿ ಒಮ್ಮೆ ನಡೆದುಬಂದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಅಂದು ಪಡಿತರಕ್ಕೆ ಸಾಲು ನಿಂತವರ ಮಕ್ಕಳು ಇಂದು ನೂರಾರು ಮಂದಿಗೆ ಕೆಲಸ ಕೊಡುತ್ತಿದ್ದಾರೆ.

ನಮ್ಮ ನಾಡಿನ ಶರಣರು ಈ ತತ್ತ್ವವನ್ನು ಇನ್ನೂ ಆಳಕ್ಕೆ ಒಯ್ದರು. ಅವರು ದಾನವೆಂಬ ಮಾತಿಗೆ ಪ್ರತಿಯಾಗಿ ದಾಸೋಹವನ್ನು ಮುಂದಿಟ್ಟರು. ದಾನದಲ್ಲಿ 'ನಾನು ಕೊಟ್ಟೆ' ಎಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸನು. ಹಿಂದಿಯಲ್ಲಿ ಆಶ್ರಯ ಬೇಡುವವನಿಗೆ ಹೇಳುವ 'ಶರಣಾರ್ಥಿ' ಎಂಬ ಮಾತು ನಮ್ಮ ಶರಣರಲ್ಲಿ ಒಬ್ಬರಿಗೊಬ್ಬರು ಹೇಳುವ ವಂದನೆ. ಅಲ್ಲಿ ಬಾಗುವುದು ಒಬ್ಬನ ತಲೆಯಲ್ಲ, ಇಬ್ಬರದೂ. ಆ ಇನ್ನೊಂದು ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ವಿಪ್ಲವವಾದಾಗ ಶರಣರೂ ಊರು ಬಿಟ್ಟು ಚದುರಿದರೆಂಬುದನ್ನೂ, ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರೆಂಬ ಪರಂಪರೆಯನ್ನೂ ನಾವು ಮರೆಯಲಾಗದು.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರಿಗೂ ತಿಳಿದುದೇ. ನನ್ನ ಮನೆಯಲ್ಲಿ ನಡೆದುದು ಇದಕ್ಕೆ ತದ್ವಿರುದ್ಧವಾದುದು. ಒಮ್ಮೆ ಸಂತ್ರಸ್ತರಿಗಾಗಿ ಬಟ್ಟೆ ಸಂಗ್ರಹಿಸುವಾಗ ನಾನೂ ಒಂದು ಗಂಟು ಕಟ್ಟಿದೆ. ನನ್ನಾಕೆ ಅದನ್ನು ಬಿಚ್ಚಿ, ಕಾಲರು ಹರಿದ ಒಂದು ಅಂಗಿಯನ್ನು ಹೊರತೆಗೆದು, "ಇದನ್ನು ನಿಮ್ಮ ತಮ್ಮನಿಗೆ ಕೊಡುತ್ತಿದ್ದಿರಾ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕಪಾಟು ಖಾಲಿ ಮಾಡುವುದಕ್ಕೂ ನಾನು ದಾನವೆಂದು ಹೆಸರಿಟ್ಟಿದ್ದೆ. ಕೊಡುವಾಗ ಶ್ರದ್ಧೆಯ ಜೊತೆಗೆ ಲಜ್ಜೆಯೂ ಇರಬೇಕೆಂದು ತೈತ್ತಿರೀಯ ಉಪನಿಷತ್ತು ಏಕೆ ಹೇಳುತ್ತದೆಂಬುದು ನನಗೆ ಅರ್ಥವಾದದ್ದು ಅಂದೇ.

ಕನ್ನಡನಾಡು ಕೊಡುವ ಬಗೆಯನ್ನು ಒಮ್ಮೆ ಚೆನ್ನಾಗಿ ತೋರಿಸಿದೆ. ಟಿಬೆಟ್ಟಿನಿಂದ ಓಡಿಬಂದವರಿಗೆ 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. ಮುಂದೆ ಮುಂಡಗೋಡದಲ್ಲಿಯೂ ನೆಲೆ ದೊರೆಯಿತು. ಹಿಮದ ನಾಡಿನವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು; ತಮ್ಮ ವಿಹಾರಗಳನ್ನು ಮತ್ತೆ ಕಟ್ಟಿದರು. ಭೂಮಿಯೇ ಅವರ ಅಕ್ಷಯಪಾತ್ರೆಯಾಯಿತು.

ಹಸಿದವನ ಮುಂದೆ ತತ್ತ್ವ ಹೇಳುವುದು ಪಾಪ. ಮೊದಲು ಅನ್ನ, ಅನಂತರ ಪಾತ್ರೆ. ಆದರೆ ಅನ್ನದಲ್ಲಿಯೇ ನಿಂತುಬಿಟ್ಟರೆ ಕರ್ತವ್ಯವು ಅರ್ಧವಾಗುತ್ತದೆ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹಿಂಸೆ ಭುಗಿಲೆದ್ದು ಸುಮಾರು 60,000 ಜನರು ಮನೆ ಬಿಟ್ಟರು. ಮೈತೇಯಿ ತಾಯಿಯೂ ಕುಕಿ ತಾಯಿಯೂ ಬೇರೆ ಬೇರೆ ಶಿಬಿರಗಳಲ್ಲಿ ಒಂದೇ ಬಗೆಯ ಕಣ್ಣೀರು ಸುರಿಸಿದರು. ಯಾರ ಪಕ್ಷದವಳೆಂದು ಕೇಳಿ ಬಡಿಸುವ ಅನ್ನವು ದಾಸೋಹವಾಗಲಾರದು. ಕೈಮಗ್ಗವು ಮನೆಮನೆಯ ವಿದ್ಯೆಯಾಗಿರುವ ಆ ನಾಡಿನ ಹೆಂಗಸಿಗೆ ನಮ್ಮ ಹಳೆಯ ಸೀರೆಗಿಂತ ಒಂದು ಮಗ್ಗವೂ ನೂಲೂ ಹೆಚ್ಚಿನ ನೆರವಾದೀತು.

ನಾವೂ ಊರು ಬಿಟ್ಟು ಬಂದವರೇ. ಆದರೆ ನಮ್ಮ ಕಿಸೆಯಲ್ಲಿ ಹಿಂದಿರುಗುವ ಟಿಕೆಟ್ಟಿನ ಹಣವಿತ್ತು; ಧಾರವಾಡದಲ್ಲೋ ಉಡುಪಿಯಲ್ಲೋ ಬಾಗಿಲು ತೆರೆಯುವ ಕೈಯಿತ್ತು. ಅದಿಲ್ಲದವರ ಪಕ್ಕದಲ್ಲಿ ನಾವು ಇಷ್ಟು ವರ್ಷ ಬಾಳಿದ್ದೇವೆ. ವಿಜಯದಶಮಿಯಂದು ನಾವು ಬನ್ನಿಯನ್ನು ಕೊಡುತ್ತೇವೆ, ಹಾಗೆಯೇ ಪಡೆಯುತ್ತೇವೆ. ಕೊಟ್ಟವನಾರು, ಪಡೆದವನಾರು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ನಮ್ಮ ಎಲ್ಲ ನೆರವೂ ಆ ಬನ್ನಿಯಂತಾಗಲಿ. ಹರಿದುದನ್ನು ಗಂಟಿನಿಂದ ತೆಗೆದಿಡುವ ಲಜ್ಜೆಯನ್ನು ತಾಯಿ ಚಾಮುಂಡೇಶ್ವರಿಯು ನಮಗೆ ಕರುಣಿಸಲಿ.