ನಿಧಾನಕ್ಕೆ ರಜೆ ಕೊಡುವವರು ಯಾರು?

ಪ್ರವಾಸ ಮುಗಿಸಿ ಮನೆಗೆ ಮರಳುವಾಗ ವಿಮಾನ ಬಿಟ್ಟು ರೈಲು, ಬಸ್ಸು ಹಿಡಿಯುವವರು ಯೂರೋಪಿನಲ್ಲಿ ಈಗ ಅಪರೂಪವಲ್ಲ. ಸ್ವೀಡನ್ನಿನಲ್ಲಿ ಇದಕ್ಕೊಂದು ಪದವೇ ಹುಟ್ಟಿತು: ‘ಫ್ಲೀಗ್‌ಸ್ಕಾಮ್’, ಅಂದರೆ ವಿಮಾನ ಹತ್ತುವ ನಾಚಿಕೆ. 2019ರಲ್ಲಿ ಗ್ರೇತಾ ಥನ್‌ಬರ್ಗ್ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದಾಗ ಆ ನಾಚಿಕೆ ಜಗತ್ತಿಗೆಲ್ಲ ಸುದ್ದಿಯಾಯಿತು. 2023ರಲ್ಲಿ ಫ್ರಾನ್ಸ್, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ಒಳನಾಡಿನ ಮಾರ್ಗಗಳಲ್ಲಿ ವಿಮಾನವನ್ನೇ ನಿಲ್ಲಿಸಿತು.

ಯೂರೋಪಿನಿಂದ ಪುಣೆಗೆ ನೆಲದ ದಾರಿಯಲ್ಲಿ ಬರುವುದು ಈಗ ಸುಲಭದ ಮಾತಲ್ಲ. 1957ರಲ್ಲಿ ‘ಇಂಡಿಯಾಮನ್’ ಎಂಬ ಬಸ್ಸು ಲಂಡನ್ನಿನಿಂದ ಹೊರಟು ಕಲ್ಕತ್ತ ತಲುಪಿತ್ತು. 1979ರ ಇರಾನ್ ಕ್ರಾಂತಿ, ಅಫ್ಘಾನಿಸ್ತಾನದ ಯುದ್ಧ ಆ ಕಾಲವನ್ನು ಮುಗಿಸಿದವು. ಹಾಗಾಗಿ ನಮ್ಮ ಪಾಲಿಗೆ ನಿಜವಾದ ಪ್ರಶ್ನೆ ಮ್ಯೂನಿಕ್–ಪುಣೆಯದಲ್ಲ, ಪುಣೆ–ಬೆಂಗಳೂರಿನದು. ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಸೊಲ್ಲಾಪುರ, ಕಲಬುರಗಿ, ರಾಯಚೂರು ಸುತ್ತಿ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 20 ಗಂಟೆ. ಎರಡಕ್ಕೂ ದುಡ್ಡು ಇರುವವನು ನಿಧಾನದ ದಾರಿ ಹಿಡಿಯಬೇಕೆ?

ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಜಗತ್ತಿನ ಇಂಗಾಲದ ಹೊಗೆಯಲ್ಲಿ ವಿಮಾನಗಳ ಪಾಲು ಶೇಕಡಾ 2.5ರ ಆಸುಪಾಸು. ಅದರಲ್ಲಿ ನನ್ನೊಬ್ಬನ ಸೀಟು ಯಾವ ಲೆಕ್ಕ? ಈ ವಾದವನ್ನು ನಾನು ಪ್ರಾಜೆಕ್ಟ್ ಮೀಟಿಂಗುಗಳಲ್ಲಿ ಬಹಳ ಸಲ ಕೇಳಿದ್ದೇನೆ. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರು ಶುರುಮಾಡುವಲ್ಲಿ ಹತ್ತು ಜನ ಅರ್ಧರ್ಧ ದಿನ ತಡ ಮಾಡಿದರೆ ಡೆಲಿವರಿ ಐದು ದಿನ ಮುಂದೆ ಹೋಗುತ್ತದೆ. ಕೇಳಿದರೆ ಹತ್ತೂ ಜನ ಹೇಳುವುದು ಒಂದೇ, ‘ನನ್ನದು ಬರೀ ಅರ್ಧ ದಿನ ಸರ್.’ ಹತ್ತೂ ಮಂದಿ ನಿಜವನ್ನೇ ಹೇಳುತ್ತಿರುತ್ತಾರೆ. ಆದರೂ ಐದು ದಿನಕ್ಕೆ ಯಾರಾದರೂ ಉತ್ತರ ಕೊಡಲೇಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಪುಣೆಯ ಕಟ್ಟಡಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ, ವಿಜಯಪುರದ ಜನ ಊರಿಗೆ ಹೋಗುವುದು ಜನರಲ್ ಬೋಗಿಯಲ್ಲಿ, ಎಷ್ಟೋ ಸಲ ನಿಂತುಕೊಂಡೇ. ಅವರನ್ನು ಯಾರೂ ಪರಿಸರಪ್ರೇಮಿ ಎನ್ನುವುದಿಲ್ಲ. ನಾನು ಅದೇ ಗಾಡಿಯ ಎಸಿ ಬೋಗಿಯಲ್ಲಿ ಮಲಗಿ ಹೋದರೆ ಅದು ತತ್ವವಾಗಿಬಿಡುತ್ತದೆ. ಹಾಗಾಗಿ ಇದನ್ನು ಪುಣ್ಯವೆಂದು ಹೇಳಿಕೊಳ್ಳುವುದು ಬೇಡ. ಆಯ್ಕೆ ಇರುವವನಿಗೆ ಇದು ಬರೀ ಬಾಕಿ ತೀರಿಸುವ ಕೆಲಸ. ಆಯ್ಕೆ ಇಲ್ಲದವರು ಆ ಬಾಕಿಯನ್ನು ಮಾಡಿಯೇ ಇಲ್ಲ.

ಮೂರನೆಯದು ಸಮಯದ್ದು. ತಾಯಿ ಆಸ್ಪತ್ರೆಯಲ್ಲಿದ್ದರೆ ವಿಮಾನ ಹತ್ತಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಬ್ಬಕ್ಕೆ ಹೋಗಿ ಬರುವಾಗ? ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಸೋಮವಾರದ ಕೆಲಸ ಹೋದಂತೆಯೇ. ರೈಲಿನ ಟಿಕೆಟ್ಟಿಗೆ ದುಡ್ಡು ಕೊಡುವವನು ನೌಕರ, ಆದರೆ ಅದಕ್ಕೆ ಬೇಕಾದ ದಿನ ಇರುವುದು ರಜೆಗೆ ಸಹಿ ಹಾಕುವವನ ಕೈಯಲ್ಲಿ. ಬ್ರಿಟನ್ನಿನಲ್ಲಿ ‘ಕ್ಲೈಮೇಟ್ ಪರ್ಕ್ಸ್’ ಎಂಬ ಯೋಜನೆಗೆ ಸೇರಿದ ಸಂಸ್ಥೆಗಳು, ವಿಮಾನ ಬಿಟ್ಟು ರಜೆಗೆ ಹೋಗುವವರಿಗೆ ಪ್ರಯಾಣಕ್ಕೆಂದೇ ಸಂಬಳಸಹಿತ ಹೆಚ್ಚುವರಿ ಸಮಯ ಕೊಡುತ್ತವೆ.

ನಮ್ಮ ತಂಡದ ತುಮಕೂರಿನ ಹುಡುಗನೊಬ್ಬ ದೀಪಾವಳಿ ಮುಗಿಸಿ ರೈಲಿನಲ್ಲೇ ಬರುತ್ತೇನೆಂದು ಸೋಮವಾರವನ್ನೂ ಕೇಳಿದ. ಕೊಟ್ಟೆ. ಆ ದಿನ ಅವನ ಕೆಲಸ ನೋಡಿಕೊಂಡ ಹೆಣ್ಣುಮಗಳು ತಣ್ಣಗೆ ಕೇಳಿದಳು, ‘ಸರ್, ಗಾಳಿ ಶುದ್ಧ ಮಾಡಿದ್ದು ಅವನು, ಓವರ್‌ಟೈಮ್ ಮಾಡಿದ್ದು ನಾನು, ಅಲ್ವಾ?’ ಅವಳ ಮಾತು ಸರಿಯಾಗಿತ್ತು. ಒಬ್ಬರ ನಿಧಾನ ಇನ್ನೊಬ್ಬರ ಅವಸರವಾದರೆ ಹೊರೆ ಇಳಿದಂತಲ್ಲ, ಹೆಗಲು ಬದಲಾಯಿಸಿದಂತೆ.

ಹಾಗಾಗಿ ಈ ಪ್ರಶ್ನೆಯನ್ನು ಒಬ್ಬೊಬ್ಬರ ನಾಚಿಕೆಗೆ ಬಿಟ್ಟರೆ ಸಾಲದು ಎಂಬುದು ನನ್ನ ನಿಲುವು. ದಾರಿ ಇದ್ದು, ಅವಸರವಿಲ್ಲದಾಗ ಉಳ್ಳವರು ನೆಲದ ಮೇಲೆ ಹೋಗಬೇಕು. 2024ರಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಎಂಟೂವರೆ ಗಂಟೆಯಲ್ಲಿ ಊರು ಸೇರಿಸುತ್ತದೆ, ಉತ್ತರ ಕರ್ನಾಟಕದವರ ನೆಪ ಇನ್ನಷ್ಟು ತೆಳ್ಳಗಾಗಿದೆ. ಆದರೆ ಸಹಿ ಹಾಕುವವರ ಹೊಣೆ ಇನ್ನೂ ದೊಡ್ಡದು. ಪ್ರಯಾಣದ ದಿನವನ್ನು ಸರದಿಯಂತೆ ಎಲ್ಲರಿಗೂ ಕೊಡಬೇಕು, ಆ ದಿನದ ಕೆಲಸವನ್ನು ಪ್ಲಾನಿನಲ್ಲೇ ಕಡಿಮೆ ಮಾಡಿಟ್ಟಿರಬೇಕು. ಹಾಗೆ ಮಾಡದ ಮ್ಯಾನೇಜರು ತಾನು ಎಷ್ಟು ಸಲ ರೈಲಿನಲ್ಲಿ ಊರಿಗೆ ಹೋದರೂ, ತನ್ನ ಕೆಳಗಿನವರನ್ನು ವಿಮಾನಕ್ಕೆ ದೂಡುತ್ತಲೇ ಇರುತ್ತಾನೆ.