ಸೋದರತ್ತೆಯ ಸಾರು: ಕರ್ತೃತ್ವ ಯಾರದು?

ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಹಿರಿಯರಿಂದ ಬಂದ ಸ್ವತ್ತು ಬಹಳವೇನೂ ಇರುವುದಿಲ್ಲ. ಸಾಲಿಗ್ರಾಮದ ಸಂಪುಟ, ಕೆಲವು ಹಳೆಯ ಗ್ರಂಥಗಳು, ಕಲಾಯಿ ಹಾಕಿದ ಒಂದೆರಡು ಹಿತ್ತಾಳೆಯ ಪಾತ್ರೆಗಳು. ಇವುಗಳ ಜೊತೆಗೆ ಅತ್ತೆಯೋ ದೊಡ್ಡಮ್ಮನೋ ಹೇಳಿ ಬರೆಯಿಸಿದ ಅಡಿಗೆಯ ಕ್ರಮ. ಹಬ್ಬದಲ್ಲಿ ಮನೆಮಂದಿಯೆಲ್ಲ ಕೂಡಿದಾಗ ಆ ಕ್ರಮದಂತೆ ಸಾರು ಮಾಡುವುದುಂಟು. ಉಣ್ಣುವಾಗ "ಇದು ಅತ್ತೆಯ ಸಾರಲ್ಲ" ಎಂಬ ಮಾತು ಕೇಳಿಬರುವುದೂ ಉಂಟು. ಬಡಿಸುತ್ತ ನಿಂತವಳ ಮುಖ ಬಾಡುತ್ತದೆ. ಮಾತು ಚಿಕ್ಕದಾದರೂ ವಿಚಾರಣೀಯವಾದ ಎರಡು ಪ್ರಶ್ನೆಗಳು ಅದರಲ್ಲಿವೆ. ಹಿರಿಯರ ಸಾರನ್ನು ಇದ್ದಂತೆಯೇ ಮತ್ತೆ ಮಾಡುವುದು ಸಾಧ್ಯವೆ? ಸಾಧ್ಯವಲ್ಲವಾದರೆ ನಾವು ಅವರಿಗೆ ಸಲ್ಲಿಸಬೇಕಾದುದು ಏನು?

ನಮ್ಮ ಮನೆಯಲ್ಲಿ ನಡೆದುಬಂದಿರುವ ಸೋದರತ್ತೆಯ ಕಟ್ಟಿನ ಸಾರನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಹೋಳಿಗೆಯ ಹೂರಣಕ್ಕೆಂದು ಕಡಲೆಬೇಳೆಯನ್ನು ಬೇಯಿಸಿ ಬಸಿದಾಗ ಬರುವ ನೀರೇ ಕಟ್ಟು. ಅದನ್ನು ಚೆಲ್ಲದೆ, ಹುಣಿಸೆಯ ರಸ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ತುಸು ಹೂರಣ ಕೂಡಿಸಿ ಕುದಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವುಗಳ ಒಗ್ಗರಣೆ ಕೊಡುವರು. ಅತ್ತೆಯ ಅಳತೆಗಳು ಹೀಗಿವೆ: ಹುಣಿಸೆ ನೆಲ್ಲಿಕಾಯಿಯಷ್ಟು, ಬೆಲ್ಲ ಅದಕ್ಕಿಂತ ಸ್ವಲ್ಪ ಹೆಚ್ಚು, ಪುಡಿ ಕೈಗೆ ತೋರಿದಷ್ಟು, ಕುದಿ ಬಣ್ಣ ತಿರುಗುವವರೆಗೆ. ಎಷ್ಟು ದೊಡ್ಡ ನೆಲ್ಲಿಕಾಯಿ, ಯಾರ ಕೈ, ಯಾವ ಬಣ್ಣ ಎಂಬುದು ಬರಹದಲ್ಲಿಲ್ಲ. ಅವರ ಸೌದೆಯ ಒಲೆ ನಮ್ಮಲ್ಲಿಲ್ಲ. ಗಡಸು ನೀರಿನ ಊರಿನಲ್ಲಿ ಬೇಳೆ ತಡವಾಗಿ ಬೇಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಸಿಗದೆ ಗುಂಟೂರಿನದನ್ನು ಹಾಕಿದರೆ ಬಣ್ಣ ಕಡಿಮೆಯಾಗಿ ಖಾರ ಏರುತ್ತದೆ.

ಇದಕ್ಕೂ ಮಿಗಿಲಾದ ಒಂದು ಕಟ್ಟುಪಾಡಿದೆ. ನೈವೇದ್ಯಕ್ಕೆ ಮೊದಲು ನಾವು ಅಡಿಗೆಯ ರುಚಿ ನೋಡುವುದಿಲ್ಲ. ಬೇಕೆಂದು ಮೂಸುವುದೂ ಇಲ್ಲ. ಆದ್ದರಿಂದ ಉಪ್ಪು ಸಾಲದೆ? ಹುಳಿ ಹೆಚ್ಚಾಯಿತೆ? ಎಂದು ನಾಲಗೆಯನ್ನು ಕೇಳಿ ತಿದ್ದಿಕೊಳ್ಳುವ ಅವಕಾಶ ಮಾಡುವವಳಿಗೆ ಇಲ್ಲ. ಕಣ್ಣು, ಕೈ, ಕೇಳಿದ ಕ್ರಮ ಇವುಗಳನ್ನೇ ನಂಬಿ ಅವಳು ಪಾತ್ರೆಯನ್ನು ಇಳಿಸಿ ದೇವರ ಮುಂದೆ ಇಡುತ್ತಾಳೆ.

ಇಲ್ಲಿ ಎರಡು ಪೂರ್ವಪಕ್ಷಗಳಿವೆ. ಅತ್ತೆ ಹೇಳಿದ್ದರಲ್ಲಿ ಎಳ್ಳಷ್ಟೂ ವ್ಯತ್ಯಾಸ ಕೂಡದು, ರುಚಿ ತಪ್ಪಿದರೆ ಪರಂಪರೆಯೇ ತಪ್ಪಿತು ಎನ್ನುವವರು ಕೆಲವರು. ಕಾಲ ದೇಶ ಬದಲಾಗಿರುವಾಗ ಹಳೆಯ ಕ್ರಮವೇಕೆ, ಮನಸ್ಸಿಗೆ ಬಂದಂತೆ ಮಾಡಿ ಅತ್ತೆಯ ಹೆಸರಿಟ್ಟರಾಯಿತು ಎನ್ನುವವರು ಬೇರೆ ಕೆಲವರು.

ಮೊದಲ ಪಕ್ಷಕ್ಕೆ ನಮ್ಮ ಸಿದ್ಧಾಂತದಲ್ಲಿಯೇ ಸಮಾಧಾನವಿದೆ. ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಅನೇಕ ವಸ್ತುಗಳಲ್ಲಿ ಒಂದೇ ಆಗಿ ಅನುಗತವಾಗಿರುವ ಜಾತಿಯೆಂಬುದನ್ನು ಶ್ರೀಮದಾಚಾರ್ಯರು ಒಪ್ಪಲಿಲ್ಲ. ವಸ್ತುವಸ್ತುವಿನಲ್ಲಿಯೂ ಬೇರೆ ಬೇರೆಯಾಗಿರುವ ಸಾದೃಶ್ಯವನ್ನು ಒಪ್ಪಿದರು. ಅಂತೆಯೇ ಅತ್ತೆಯ ಸಾರು ಎಂಬ ಒಂದೇ ಪದಾರ್ಥವು ಊರಿನ ಪಾತ್ರೆಯಿಂದ ಮುಂಬಯಿಯ ಪಾತ್ರೆಗೆ ಇಳಿದುಬರುವುದಿಲ್ಲ. ಅತ್ತೆಯೇ ಒಂದು ಹಬ್ಬದಲ್ಲಿ ಮಾಡಿದ್ದು ಬೇರೆ, ಮುಂದಿನ ಹಬ್ಬದಲ್ಲಿ ಮಾಡಿದ್ದು ಬೇರೆ, ಇದ್ದದ್ದು ಸಾದೃಶ್ಯ. ನಮ್ಮಿಂದ ಅಪೇಕ್ಷಿಸಬಹುದಾದದ್ದೂ ಅಷ್ಟೇ.

ವ್ಯತ್ಯಾಸವೆಲ್ಲವೂ ಪರಂಪರಾವಿರುದ್ಧವೆಂದೂ ಹೇಳಲಾಗದು. ಚಾತುರ್ಮಾಸ್ಯದ ಶಾಕವ್ರತದಲ್ಲಿ ಹುಣಿಸೆ, ಮೆಣಸಿನಕಾಯಿಗಳನ್ನು ಬಿಟ್ಟು ಕಾಳುಮೆಣಸು, ಮಾವಿನಹುಳಿಗಳಿಂದ ಹೆಸರುಬೇಳೆಯ ಸಾರು ಮಾಡುತ್ತೇವೆ; ದ್ವಿದಳವ್ರತ ಬಂದರೆ ಬೇಳೆಯನ್ನೇ ಬಿಡುತ್ತೇವೆ. ಸನಾತನವೆಂದು ನಾವು ಭಾವಿಸಿರುವ ಕೆಂಪು ಮೆಣಸಿನಕಾಯಿಯಾದರೂ ಅಮೆರಿಕಾ ಖಂಡದ್ದು. ೧೪೯೮ರಲ್ಲಿ ಪೋರ್ಚುಗೀಸರು ಕಲ್ಲೀಕೋಟೆಯ ತೀರವನ್ನು ಮುಟ್ಟಿದ ಅನಂತರವೇ ಅದು ನಮ್ಮ ದೇಶಕ್ಕೆ ಬಂದಿತು. ೧೩ನೆಯ ಶತಮಾನದ ಶ್ರೀಮದಾಚಾರ್ಯರ ಕಾಲದಲ್ಲಿ ಉಡುಪಿಯ ಯಾವ ಒಲೆಯ ಮೇಲೂ ಅದು ಇರಲಿಲ್ಲ.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತೆಂದು ತಿಳಿಯಬಾರದು. ವ್ರತದಲ್ಲಿ ಸಾರು ಬದಲಾಗುವುದು ನಾಲಗೆಯ ಇಚ್ಛೆಯಿಂದಲ್ಲ, ವಿಧಿಯಿಂದ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರವಿದೆ. ಜೀವನು ಕರ್ತನೇ ಅಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾಗುತ್ತವೆ. ಆದರೆ ಆ ಕರ್ತೃತ್ವ ಪರಮಾತ್ಮನ ಅಧೀನ. ಇದಕ್ಕೆ ಬಡಗಿಯ ದೃಷ್ಟಾಂತ ಕೊಡಲಾಗಿದೆ. ಬಡಗಿಯು ಮಾಡಿಸುವವನ ನಿಯಮನಕ್ಕೆ ಒಳಪಟ್ಟಿದ್ದರೂ ತಾನೂ ಕರ್ತನೇ ಆಗಿರುವನೆಂದು ಆಚಾರ್ಯರು ಅದನ್ನು ವಿವರಿಸಿದ್ದಾರೆ. ನಮ್ಮ ಅಡಿಗೆಯ ಮನೆಗೂ ಇದು ಸಲ್ಲುತ್ತದೆ. ಒಲೆಯ ಮುಂದೆ ನಿಂತ ಸೊಸೆ ಅತ್ತೆಯ ಕೈಗೊಂಬೆಯಲ್ಲ. ಕರ್ತೃತ್ವ ಅವಳದು, ಶ್ರಮ ಅವಳದು, ಪುಣ್ಯವೂ ಅವಳಿಗೆ ಉಂಟು. ಆದರೂ ಅವಳು ಸ್ವತಂತ್ರಳಲ್ಲ. ಕ್ರಮ ಅತ್ತೆಯಿಂದ ಬಂದಿತು, ಅತ್ತೆಗೆ ಅವರ ಹಿರಿಯರಿಂದ ಬಂದಿತು. ಎಲ್ಲರ ಕೈಗಳನ್ನೂ ನಡೆಸುವವನು ಶ್ರೀಹರಿ ಒಬ್ಬನೇ ಸ್ವತಂತ್ರ.

ಆದುದರಿಂದ ಹಿರಿಯರಿಗೆ ನಾವು ಸಲ್ಲಿಸಬೇಕಾದುದು ಅವರ ರುಚಿಯ ಪಡಿಯಚ್ಚನ್ನಲ್ಲ. ಅವರು ಯಾವುದನ್ನು ಮುಖ್ಯವೆಂದು ಪಾಲಿಸಿದರೋ ಅದನ್ನು ಪಾಲಿಸುವುದೇ ಸಲ್ಲಿಕೆ: ಮಡಿ, ಬೇಳೆಯ ನೀರನ್ನೂ ಚೆಲ್ಲದ ಮಿತವ್ಯಯ, ಎಂಜಲಾಗದಂತೆ ಭಗವಂತನಿಗೆ ಒಪ್ಪಿಸುವ ಎಚ್ಚರ, ಕಲಿಸಿದವರ ಹೆಸರನ್ನು ಮಕ್ಕಳಿಗೆ ಹೇಳುವ ಕೃತಜ್ಞತೆ. ಇವುಗಳನ್ನು ಉಳಿಸಿಕೊಂಡು ಮೆಣಸಿನಕಾಯಿ ಬದಲಾದರೆ ಅದು ಅತ್ತೆಯ ಸಾರೇ. ಇವುಗಳನ್ನು ಬಿಟ್ಟು ರುಚಿಯೊಂದನ್ನು ಹಿಡಿದರೆ ಹೆಸರು ಮಾತ್ರ ಅತ್ತೆಯದು.

ಇನ್ನು ಉಣ್ಣುವವರ ಧರ್ಮ. ಎಲೆಗೆ ಬಂದಿರುವುದು ನೈವೇದ್ಯವಾದ ಅನ್ನ. ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿ ಸ್ವೀಕರಿಸಿದ ಪ್ರಸಾದ. ಅತ್ತೆಯ ನೆನಪಿನಿಂದ ಕಣ್ಣು ಒದ್ದೆಯಾಗುವುದು ಸಹಜ, ಅದು ದೋಷವಲ್ಲ. ಆದರೆ ಆ ನೆನಪನ್ನೇ ಅಳತೆಗೋಲು ಮಾಡಿಕೊಂಡು ಪ್ರಸಾದವನ್ನು ತೂಗುವುದೂ, ರುಚಿ ನೋಡದೆ ನಂಬಿಕೆಯಿಂದ ಬೇಯಿಸಿದವಳನ್ನು ನೋಯಿಸುವುದೂ ಉಚಿತವಲ್ಲ. ಉಪ್ಪು ಕಡಿಮೆಯೆನಿಸಿದರೆ ಊಟವಾದ ಮೇಲೆ ಮೆಲ್ಲನೆ ಹೇಳಬಹುದು. ಮುಂದಿನ ಸಲ ಅವಳ ಕೈಯ ಅಳತೆ ತಾನಾಗಿ ಸರಿಹೋಗುತ್ತದೆ. ಅತ್ತೆಯ ಕೈಗೂ ಆ ಅಳತೆ ಬಂದದ್ದು ಹೀಗೆಯೇ ಇರಬೇಕು. ಅವರ ಸಾರನ್ನು ಮೊದಲ ವರ್ಷ ಉಂಡವರು ಏನೆಂದರೋ ಹೇಳಲು ಈಗ ಯಾರೂ ಉಳಿದಿಲ್ಲ.

|| ಶ್ರೀಕೃಷ್ಣಾರ್ಪಣಮಸ್ತು ||