ಹಂಗಿಲ್ಲದ ದಾನ

*ಇಂದಿನ ಧಮ್ಮ ಚಿಂತನೆ: ದಾನ ಪಾರಮಿ*

ದಾನದ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ನಮ್ಮ ಬಳಗದ ಹಿರಿಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಸ್ಕೂಲ್ ಬ್ಯಾಗು. ಅದು ಮೂರು ದಿನ ನನ್ನ ಬೀರುವಿನಲ್ಲಿತ್ತು. ಆ ಬ್ಯಾಗಿನ ಕಥೆಯಲ್ಲಿ ತಪ್ಪು ನನ್ನದೇ. ಅದನ್ನು ಹೇಳದೆ ದಾನದ ಬಗ್ಗೆ ಬರೆದರೆ ಅದು ಬರೀ ಮಾತಾಗುತ್ತದೆ.

ಎರಡು ವರ್ಷದ ಹಿಂದೆ, ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ನಮ್ಮ ಭಾಗದ ಒಂದು ಸೇವಾ ಕ್ಲಬ್ಬಿನವರು ಹೆಡ್‌ಮಾಸ್ಟರಿಗೆ ಫೋನ್ ಮಾಡಿ, "ನಲವತ್ತು ಬ್ಯಾಗ್ ಕೊಡ್ತೀವಿ ಸರ್, ನಲವತ್ತು ಬಡ ಮಕ್ಕಳ ಪಟ್ಟಿ ಮಾಡಿಸಿ" ಎಂದರು. ನಮ್ಮ ಶಾಲೆಯಲ್ಲಿ ಆಗ ಇದ್ದದ್ದು 112 ಮಕ್ಕಳು. ಪಟ್ಟಿಯ ಕೆಲಸ ನನ್ನ ಪಾಲಿಗೆ ಬಂತು.

ಅದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ದಾಖಲಾತಿ ರಿಜಿಸ್ಟರ್ ತೆಗೆದೆ, ಜಾತಿಯ ಕಾಲಂ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತಾ ಹೋದೆ. ಕಾಲೋನಿಯ ಮಕ್ಕಳ ಹೆಸರು ಸಾಲಾಗಿ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಹೇಗೂ ಯಾರಿಗೋ ಸಿಗುತ್ತದೆ, ನಮ್ಮ ಮಕ್ಕಳಿಗೇ ಸಿಗಲಿ. ಅದನ್ನು ನಾನು ಒಳ್ಳೆಯ ಕೆಲಸ ಎಂದೇ ತಿಳಿದಿದ್ದೆ.

ಕಾರ್ಯಕ್ರಮದ ದಿನ ಶಾಮಿಯಾನ ಹಾಕಿದರು, ಬ್ಯಾನರ್ ಕಟ್ಟಿದರು. ಬ್ಯಾನರಿನಲ್ಲಿ ಕೊಡುವವರ ಫೋಟೋಗಳಿದ್ದವು. ಶಾಲು, ಹಾರ ಎಲ್ಲ ಆದಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದೆವು. ಹೆಸರು ಕೂಗಿದವಳು ನಾನೇ. ಮಗು ಬರಬೇಕು, ಬ್ಯಾಗಿನ ಒಂದು ಕಿವಿ ಹಿಡಿಯಬೇಕು, ಇನ್ನೊಂದು ಕಿವಿಯನ್ನು ಅತಿಥಿಗಳು ಹಿಡಿದಿರುತ್ತಾರೆ, ಫೋಟೋದವನು "ಆಯ್ತು" ಅನ್ನುವ ತನಕ ಹಾಗೇ ನಿಲ್ಲಬೇಕು. ಆಮೇಲೆ ಕಾಲು ಮುಟ್ಟಿ ಇಳಿಯಬೇಕು. ಕಾಲು ಮುಟ್ಟಿ ಎಂದು ಕ್ಲಬ್ಬಿನವರು ಹೇಳಿರಲಿಲ್ಲ. ಹಿಂದಿನ ದಿನ ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದು ನಾವು ಶಿಕ್ಷಕರೇ.

ಏಳನೇ ತರಗತಿಯ ಒಬ್ಬ ಹುಡುಗಿ ಹೆಸರು ಕೂಗಿದರೂ ಏಳಲಿಲ್ಲ. ಎರಡನೇ ಸಲ ಕೂಗಿ ಕಣ್ಣು ಬಿಟ್ಟೆ. ಬಂದಳು, ತಗೊಂಡಳು, ಕಾಲು ಮಾತ್ರ ಮುಟ್ಟಲಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಬ್ಯಾಗನ್ನು ತಂದು ಸ್ಟಾಫ್ ರೂಮಿನ ನನ್ನ ಮೇಜಿನ ಮೇಲಿಟ್ಟಳು.

"ನಮ್ಮನೇಲಿ ಹೊಸ ಬ್ಯಾಗ್ ಐತೆ ಮಿಸ್. ಅಪ್ಪ ಜೂನಲ್ಲೇ ತಂದ್ಕೊಟ್ಟವ್ರೆ. ನನ್ ಹೆಸ್ರು ಯಾಕ್ ಬರೆದ್ರಿ?"

ಅವಳ ಅಪ್ಪ ಲಗೇಜ್ ಆಟೋ ಓಡಿಸುತ್ತಾರೆ. ಆ ಹೊಸ ಬ್ಯಾಗನ್ನು ಅವಳು ದಿನಾ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದುದನ್ನು ನಾನು ನೋಡಿಯೇ ಇದ್ದೆ. ಪಟ್ಟಿ ಮಾಡುವಾಗ ನಾನು ಅವಳ ಹೆಗಲು ನೋಡಲಿಲ್ಲ, ರಿಜಿಸ್ಟರ್ ನೋಡಿದೆ. ಅವಳ ಪ್ರಶ್ನೆಗೆ ಸರಿಯಾದ ಉತ್ತರ "ನಿನ್ನ ಜಾತಿಗಾಗಿ" ಎಂಬುದೊಂದೇ. ಆ ಉತ್ತರವನ್ನು ನಾನು ಹೇಳಲಾರದೆ ಹೋದೆ.

ಹೋಗುವ ಮುಂಚೆ ಅವಳು ಇನ್ನೊಂದು ಮಾತು ಹೇಳಿದಳು. ಊರೊಳಗಿನ ಒಬ್ಬ ಹುಡುಗನ ಹೆಸರು ಹೇಳಿ, "ಅವನ ಬ್ಯಾಗ್ ಜಿಪ್ ಕಿತ್ತೋಗೈತೆ ಮಿಸ್, ಪುಸ್ತಕ ಎಲ್ಲ ಬೀಳ್ತವೆ. ಅವನಿಗೆ ಕೊಡಿ. ನಾನ್ ಹೇಳ್ದೆ ಅಂತ ಹೇಳ್ಬೇಡಿ" ಎಂದಳು. ಆ ಹುಡುಗನ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ಮೇಲುಜಾತಿಯ ಮನೆ, ಆದ್ದರಿಂದ ನನ್ನ ಪಟ್ಟಿಗೆ ಅವನು ಬಂದಿರಲಿಲ್ಲ. ಬಡತನ ಹುಡುಕಲು ಹೊರಟ ನಾನು ಜಾತಿಯನ್ನು ಹುಡುಕಿ ತಂದಿದ್ದೆ.

ಮೂರು ದಿನ ಬಿಟ್ಟು, ಶಾಲೆ ಬಿಟ್ಟಮೇಲೆ ಅವನನ್ನು ಕರೆದು ಬ್ಯಾಗು ಕೊಟ್ಟೆ. ಯಾರು ಕೊಟ್ಟರು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಸ್ಕಾಲರ್‌ಶಿಪ್ ಫಾರಂ ತುಂಬಿಸಲು, "ಎಸ್ಸಿ ಮಕ್ಕಳು ಎದ್ದು ನಿಂತ್ಕೊಳ್ಳಿ" ಎನ್ನುತ್ತಿದ್ದರು. ನಿಂತಾಗ ಇಡೀ ತರಗತಿ ತಿರುಗಿ ನೋಡುತ್ತಿತ್ತು. ಆ ಹಣ ನಮ್ಮ ಹಕ್ಕು ಎಂದು ಆಗ ಗೊತ್ತಿರಲಿಲ್ಲ. ನಿಲ್ಲುವುದು ಮಾತ್ರ ಗೊತ್ತಿತ್ತು. ಹಾಗೆ ನಿಂತವಳೇ ಮೂವತ್ತು ವರ್ಷದ ಮೇಲೆ ಮೈಕು ಹಿಡಿದು ನಲವತ್ತು ಮಕ್ಕಳನ್ನು ಎದ್ದು ನಿಲ್ಲಿಸಿದಳು.

ಬಂಧುಗಳೇ, ಕನ್ನಡದಲ್ಲಿ "ಹಂಗು" ಎಂಬ ಮಾತಿದೆ. ಬೇರೆ ಭಾಷೆಗೆ ತರುವುದು ಕಷ್ಟ. ತಗೊಂಡವನು ಕೊಟ್ಟವನ ಮುಂದೆ ತಲೆ ಎತ್ತದಂತೆ ಮಾಡುವ ಭಾರ ಅದು. ಸಾಲವನ್ನಾದರೂ ತೀರಿಸಬಹುದು, ಹಂಗನ್ನು ತೀರಿಸಲು ಕೊಟ್ಟವನು ಬಿಡುವುದಿಲ್ಲ. ಬ್ಯಾಗು ಒಂದು ವರ್ಷಕ್ಕೆ ಹರಿದುಹೋಗುತ್ತದೆ. ಹಂಗು ಆ ಫೋಟೋದಲ್ಲಿ ಉಳಿಯುತ್ತದೆ.

ಧಮ್ಮದಲ್ಲಿ ದಾನದ ನಡೆ ಇದಕ್ಕೆ ತಿರುಗಾಮುರುಗಾ. ಭಿಕ್ಖುವಿನ ಪಾತ್ರೆಗೆ ಅನ್ನ ಹಾಕುವಾಗ ತಲೆಬಾಗುವವರು ಹಾಕುವವರು. ತಗೊಳ್ಳುವ ಭಿಕ್ಖು ನೆಟ್ಟಗೆ ನಿಂತಿರುತ್ತಾರೆ. ಭಿಕ್ಖುವಿಗೆ ಶೀಲವಿದೆ, ಮಕ್ಕಳಿಗೆ ಏನಿದೆ ಎಂದು ಯಾರಾದರೂ ಕೇಳಬಹುದು. ಮಗು ಮನುಷ್ಯ, ಗೌರವಕ್ಕೆ ಅಷ್ಟೇ ಸಾಕು ಎಂಬುದು ನನ್ನ ಉತ್ತರ. ಅದಕ್ಕಿಂತ ದೊಡ್ಡ ಅರ್ಹತೆ ಬೇಕು ಎನ್ನುವವರು ನಮ್ಮನ್ನು ಸಾವಿರಾರು ವರ್ಷ ಹೊರಗೆ ನಿಲ್ಲಿಸಿದ್ದರು.

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ ಸತ್ಪುರುಷರ ದಾನ ಹೇಗಿರುತ್ತದೆ ಎಂದು ಭಗವಾನರು ಐದು ಗುಣ ಹೇಳಿದ್ದಾರೆ. ಶ್ರದ್ಧೆಯಿಂದ ಕೊಡುವುದು. ಗೌರವದಿಂದ ಕೊಡುವುದು. ಬೇಕಾದ ಹೊತ್ತಿಗೆ ಕೊಡುವುದು. ಬಿಗಿಹಿಡಿಯದ ಮನಸ್ಸಿನಿಂದ ಕೊಡುವುದು. ತನಗೂ ಬೇರೆಯವರಿಗೂ ನೋವಾಗದಂತೆ ಕೊಡುವುದು. ಇದನ್ನು ನಾನು ಎಷ್ಟೋ ಸಲ ಓದಿದ್ದೆ, ನಮ್ಮ ಬಳಗದಲ್ಲಿ ಒಮ್ಮೆ ವಿವರಿಸಿಯೂ ಇದ್ದೆ. ಆದರೆ ಐದನ್ನೂ ಒಟ್ಟಿಗೆ ಕಣ್ಣಾರೆ ಕಂಡದ್ದು ಆ ಹುಡುಗಿಯಲ್ಲಿ. ಯಾರಿಗೆ ಬೇಕು ಎಂದು ಅವಳು ನೋಡಿಕೊಂಡಿದ್ದಳು. ಅವನ ಮಾನ ಕಾಯ್ದಳು. ತನ್ನ ಹೆಸರು ಅಡಗಿಸಿದಳು. ತಾನೂ ಬಾಗಲಿಲ್ಲ, ಅವನನ್ನೂ ಬಾಗಿಸಲಿಲ್ಲ.

ಬಾಬಾಸಾಹೇಬರ ಬದುಕಿನಲ್ಲಿ ಎರಡು ಕೊಡುಗೆಗಳು ಬರುತ್ತವೆ. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆ ಪಾಸಾದ ಸಂತೋಷಕ್ಕೆ ಸಮುದಾಯದವರು ಒಂದು ಸಭೆ ಮಾಡಿದರು. ಅಲ್ಲಿ ದಾದಾ ಕೆಳೂಸ್ಕರ್ ಅವರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯ ಒಂದು ಪ್ರತಿಯನ್ನು ಅವರ ಕೈಗಿತ್ತರು. ಇದನ್ನು ಬಾಬಾಸಾಹೇಬರೇ "ಬುದ್ಧ ಮತ್ತು ಆತನ ಧಮ್ಮ"ಕ್ಕೆ ಬರೆದ ಮುನ್ನುಡಿಯಲ್ಲಿ ನೆನೆದಿದ್ದಾರೆ. ಆ ಕೊಡುಗೆ "ನೀನು ಬಡವ" ಎನ್ನಲಿಲ್ಲ, "ನೀನು ಓದಬಲ್ಲೆ" ಎಂದಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದದ್ದಕ್ಕೆ ಆ ಪುಸ್ತಕವೂ ಒಂದು ಬೀಜ.

ಇನ್ನೊಂದು ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಅದರಿಂದ. ಆ ಉಪಕಾರವನ್ನು ನಾವು ಯಾರೂ ಮರೆಯುವಂತಿಲ್ಲ. ಆದರೆ 1917ರಲ್ಲಿ ಒಪ್ಪಂದದಂತೆ ಬರೋಡಾಕ್ಕೆ ಕೆಲಸಕ್ಕೆ ಹೋದಾಗ, ಅದೇ ಊರಿನಲ್ಲಿ ಅವರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡಿದ್ದರು. ಕೋಲು ಹಿಡಿದವರು ಬಂದು ಹೊರಗೆ ಕಳಿಸಿದರು. ಹಣ ಓದಿಸಿತು. ಕೋಲು ಹಿಡಿದವರ ಮನಸ್ಸನ್ನು ಆ ಹಣ ತಿದ್ದಲಾಗಲಿಲ್ಲ. ಕರುಣೆಯೊಂದೇ ಸಾಲದು, ಮೈತ್ರಿ ಬೇಕು ಎಂದು ಮುಂದೆ ಬಾಬಾಸಾಹೇಬರು ಬುದ್ಧನ ಬೋಧೆಯನ್ನು ವಿವರಿಸುವಾಗ, ನನಗೆ ಆ ಬರೋಡಾದ ಬೀದಿ ಕಾಣುತ್ತದೆ. ಕರುಣೆ ಮೇಲಿನಿಂದಲೂ ಬರಬಹುದು. ಮೈತ್ರಿಗೆ ಪಕ್ಕದಲ್ಲಿ ಕೂರಬೇಕಾಗುತ್ತದೆ.

ಹಾಗಾದರೆ ಕ್ಲಬ್ಬಿನವರ ಸಹಾಯ ಬೇಡ ಎನ್ನಬೇಕೆ? ನನ್ನ ಸಹೋದ್ಯೋಗಿಯೊಬ್ಬರು "ನಮಗೆ ಯಾರ ಭಿಕ್ಷೆಯೂ ಬೇಡ" ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಲ್ಲಿ ಕೆಟ್ಟಿರುವ ಶಾಲೆಯಲ್ಲಿ ನಿಂತು ಆ ಮಾತು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಬಾಯಾರಿದ್ದು ನನಗಲ್ಲ, ಮಕ್ಕಳಿಗೆ.

ಒಂದು ಭಾನುವಾರ ಆ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರ ಮನೆಗೆ ಹೋದೆ. ನಿವೃತ್ತ ಅಧಿಕಾರಿ. ಪಟ್ಟಿಯ ವಿಷಯ, ಬ್ಯಾಗು ವಾಪಸ್ ಬಂದ ವಿಷಯ ಎಲ್ಲ ಹೇಳಿದೆ, ಹುಡುಗಿಯ ಹೆಸರು ಹೇಳಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಇಷ್ಟು ವರ್ಷದಲ್ಲಿ ಯಾವ ಶಾಲೆಯವರೂ ನಮಗೆ ಇದನ್ನ ಹೇಳಿಲ್ಲ ಮೇಡಂ. ಎಲ್ಲರೂ ಹಾರ ಹಾಕಿ ಕಳಿಸಿದಾರೆ" ಎಂದರು. ಅದು ನಿಜವೇ. ನಾವೂ ಹಾರ ಹಾಕಿಯೇ ಕಳಿಸಿದ್ದೆವು.

ಮಾತಿನ ನಡುವೆ ಅವರೇ ಒಂದು ಸಂಗತಿ ಹೇಳಿದರು. 1905ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ರೋಟರಿ ಕ್ಲಬ್ಬು ಊರಿಗಾಗಿ ಮೊದಲು ಕೈಗೆತ್ತಿಕೊಂಡ ಕೆಲಸ ಸಾರ್ವಜನಿಕ ಶೌಚಾಲಯವಂತೆ. ನನಗೆ ತುಂಬಾ ಹಿಡಿಸಿತು. ಶೌಚಾಲಯ ಪಡೆಯಲು ಯಾರೂ ವೇದಿಕೆ ಹತ್ತಬೇಕಿಲ್ಲ. ಬೇಕಾದವರು ಬರುತ್ತಾರೆ, ಹೋಗುತ್ತಾರೆ. ಕಟ್ಟಿಸಿದವರ ಕಾಲು ಮುಟ್ಟುವುದಿಲ್ಲ.

ನಮ್ಮ ಶಾಲೆಯ ಬಿಸಿಯೂಟವೂ ಹಾಗೆಯೇ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಅಲ್ಲಿ ಬಡವರ ಪಟ್ಟಿ ಇಲ್ಲ. ಊರೊಳಗಿನ ಮಗು, ಕಾಲೋನಿಯ ಮಗು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂರುತ್ತಾರೆ. ತನ್ನ ಗೋಣಿಚೀಲವನ್ನು ತಾನೇ ತಂದು ಬೇರೆ ಕೂತು, ನಲ್ಲಿ ತಿರುಗಿಸಲು ಜವಾನ ಬರುವ ತನಕ ಬಾಯಾರಿ ಕಾದ ಆ ಬಾಲಕ ಭೀಮನನ್ನು ನೆನೆದರೆ, ಈ ಸಾಲು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಈ ಊಟ ಹಕ್ಕು. ಆದ್ದರಿಂದ ಇದರಲ್ಲಿ ಹಂಗಿಲ್ಲ.

ಕಳೆದ ವರ್ಷದಿಂದ ಕ್ಲಬ್ಬಿನವರ ಬರವು ಬದಲಾಗಿದೆ. ಅವರಲ್ಲೊಬ್ಬರು ಎಲೆಕ್ಟ್ರಿಕಲ್ ಅಂಗಡಿಯವರು, ಮೋಟರ್ ರಿಪೇರಿ ಮಾಡಿಸಿಕೊಟ್ಟರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಂತು. ಶನಿವಾರ ಬೆಳಿಗ್ಗೆ ಇಬ್ಬರು ಮೂವರು ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತು ಕಥೆಪುಸ್ತಕ ಓದುತ್ತಾರೆ. ಮೊದಲ ವಾರ ಅವರಿಗೆ ಕುರ್ಚಿ ಹಾಕಿದ್ದೆವು, ಅವರೇ ಪಕ್ಕಕ್ಕೆ ಸರಿಸಿದರು. ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಬ್ಯಾನರ್ ಬೇಕು ಎನ್ನುವವರು ಅವರಲ್ಲಿ ಈಗಲೂ ಇದ್ದಾರೆ. ನಮ್ಮ ಶಾಲಾಭಿವೃದ್ಧಿ ಸಮಿತಿಯಲ್ಲಿ ಒಂದು ನಿರ್ಧಾರ ಮಾತ್ರ ಬರೆದುಕೊಂಡಿದ್ದೇವೆ: ಕೊಡುವುದನ್ನು ಶಾಲೆಗೆ ಕೊಡಿ, ಮಕ್ಕಳಿಗೆ ಹಂಚುವುದು ನಮ್ಮ ಕೆಲಸ, ಫೋಟೋ ಇಲ್ಲ. ಮತ್ತೊಂದು ಎಚ್ಚರವೂ ಬೇಕು. ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿರುವ ಸೌಲಭ್ಯಗಳು. ಕ್ಲಬ್ಬಿನವರು ಮಾಡಿಕೊಟ್ಟರಲ್ಲ ಎಂದು ನಾವು ಇಲಾಖೆಗೆ ಅರ್ಜಿ ಹಾಕುವುದನ್ನು ನಿಲ್ಲಿಸಿಲ್ಲ. ದಾನ ಬಂದಾಗ ಹಕ್ಕಿನ ದನಿ ಅಡಗಬಾರದು.

ಕೊನೆಗೆ ನಮ್ಮದೇ ಮಾತು. ಏಪ್ರಿಲ್ 14ಕ್ಕೆ ನಮ್ಮ ಬಳಗದಿಂದಲೂ ನೋಟ್‌ಬುಕ್ ಹಂಚುತ್ತೇವೆ. ಹೋದ ವರ್ಷದ ಫೋಟೋಗಳನ್ನು ಮೊನ್ನೆ ನೋಡಿದೆ. ಅಲ್ಲಿಯೂ ಮಗು ಪುಸ್ತಕದ ಒಂದು ತುದಿ ಹಿಡಿದಿದೆ, ಇನ್ನೊಂದು ತುದಿಯಲ್ಲಿ ನಾವಿದ್ದೇವೆ, ಕ್ಯಾಮೆರಾ ನೋಡಿ ನಗುತ್ತಿದ್ದೇವೆ. ನಮ್ಮವರೇ ಕೊಟ್ಟರೆ ಹಂಗಿಲ್ಲವೆ? ಹತ್ತು ಪಾರಮಿಗಳನ್ನು ಪಾಲಿಸುತ್ತೇನೆ ಎಂದು ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ನಾವು ಹೇಳಿದ್ದೇವೆ. ಆ ಹತ್ತರಲ್ಲಿ ದಾನವೂ ಒಂದು.

ಇವತ್ತು ಯಾರಿಗಾದರೂ ಏನಾದರೂ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ಅವರಿಗೆ ಬೇಕೇ ಎಂದು ವಿಚಾರಿಸಿದೆನೆ? ಇದನ್ನು ತಗೊಳ್ಳುವಾಗ ಅವರು ತಲೆ ತಗ್ಗಿಸಬೇಕಾಗುತ್ತದೆಯೆ? ನನ್ನ ಹೆಸರು ಯಾರಿಗೂ ತಿಳಿಯದಿದ್ದರೂ ನಾನು ಇದನ್ನು ಕೊಡುತ್ತೇನೆಯೆ?

ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ದಾರಿಯಲ್ಲಿ ಸಿಕ್ಕರೆ "ಜೈ ಭೀಮ್ ಮಿಸ್" ಎನ್ನುತ್ತಾಳೆ. "ನನ್ ಹೆಸ್ರು ಯಾಕ್ ಬರೆದ್ರಿ" ಎಂದು ಅವಳು ಕೇಳಿದ್ದಕ್ಕೆ ನಾನು ಇನ್ನೂ ಬಾಯಿಬಿಟ್ಟು ಉತ್ತರ ಕೊಟ್ಟಿಲ್ಲ. ಮುಂದಿನ ಸಲ ಸಿಕ್ಕಾಗ ಕೊಡಬೇಕು. ಕ್ಷಮೆಯನ್ನೂ ಕೇಳಬೇಕು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏